ಫ್ಲಾಟ್‌ಬೆಡ್ ಸಾಕೇ, ಡ್ರಮ್ಮೇ ಬೇಕೇ?

ಹಳೆಯ ನೆಗೆಟಿವ್, ಸ್ಲೈಡುಗಳನ್ನು ಸ್ಕ್ಯಾನ್ ಮಾಡಲು ಗಾಜಿನ ಮೇಲೆ ಫಿಲಂ ಇಟ್ಟು ಓದುವ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕೇ, ತಿರುಗುವ ಉರುಳೆಗೆ ಫಿಲಂ ಅಂಟಿಸಿ ಓದುವ ಡ್ರಮ್ ಸ್ಕ್ಯಾನರೇ ಬೇಕೇ? ಎಪ್ಸನ್ ವಿ700, ವಿ850 ದರ್ಜೆಯ ಫ್ಲಾಟ್‌ಬೆಡ್ ಕೊಳ್ಳುವವರು ಮೊದಲು ನೋಡುವುದು 6400 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) ಎಂಬ ಅಂಕಿ. ಅದನ್ನು ಮರೆತುಬಿಡಿ. ಫಿಲಂನಿಂದ ನಿಜಕ್ಕೂ ಸಿಗುವ ವಿವರ 2400ರ ಆಸುಪಾಸು. 35 ಎಂಎಂ ಫ್ರೇಮಿಗೆ ಅದು ಸುಮಾರು 3400 × 2270 ಪಿಕ್ಸೆಲ್. 11 ಇಂಚು ಅಗಲದ ಪ್ರಿಂಟಿಗೆ ಸರಿ, ಅದಕ್ಕಿಂತ ದೊಡ್ಡದು ಕೇಳಬಾರದು.

ಆ 2400 ಕೂಡ ಸುಮ್ಮನೆ ಬರುವುದಿಲ್ಲ. ವರ್ಷಗಟ್ಟಲೆ ಬಳಸಿದ ಮೇಲೂ ನನಗೆ ಫ್ಲಾಟ್‌ಬೆಡ್ ಮೇಲಿರುವ ಸಿಟ್ಟು ಒಂದೇ: ಫೋಕಸ್. ಲೆನ್ಸ್ ತಾನಾಗಿ ಫೋಕಸ್ ಮಾಡಿಕೊಳ್ಳುವುದಿಲ್ಲ. ಗಾಜಿನಿಂದ ಸುಮಾರು 3 ಮಿ.ಮೀ. ಮೇಲೆ ಫಿಲಂ ಇರಲೇಬೇಕು. ಫಿಲಂ ಹಿಡಿದಿಡುವ ಹೋಲ್ಡರ್ ಅರ್ಧ ಮಿ.ಮೀ. ಹೆಚ್ಚುಕಮ್ಮಿಯಾದರೂ, ಸ್ಟ್ರಿಪ್ ನಡುವೆ ಬಾಗಿದರೂ ಗ್ರೇನ್ (ಫಿಲಂನ ಸಣ್ಣ ಕಣಗಳು) ಕಲಸಿಹೋಗುತ್ತದೆ. ಗ್ರೇನ್ ಚೆನ್ನಾಗಿ ಕಾಣುವ ಕಪ್ಪುಬಿಳುಪು ನೆಗೆಟಿವ್ ಒಂದನ್ನು ಇಟ್ಟು, ಶಾರ್ಪನಿಂಗ್ ಆಫ್ ಮಾಡಿ, ಹೋಲ್ಡರಿನ ಕಾಲುಗಳ ಎತ್ತರ ಬದಲಿಸುತ್ತ ಸ್ಕ್ಯಾನ್ ಮಾಡಿ, 100 ಶೇಕಡಾದಲ್ಲಿ ಹೋಲಿಸಿ. ನಿಮ್ಮ ಯಂತ್ರದ ಎತ್ತರ ನಿಮ್ಮ ಯಂತ್ರಕ್ಕೇ. ಸಾಫ್ಟ್‌ವೇರಿನಲ್ಲಿ ‘ಫಿಲಂ ಹೋಲ್ಡರ್’ ಬದಲು ‘ಫಿಲಂ ಏರಿಯಾ ಗೈಡ್’ ಆರಿಸಿದರೆ ಇನ್ನೊಂದು ಲೆನ್ಸಿಗೆ ಹೋಗುತ್ತದೆ, ಅದರ ಫೋಕಸ್ ಗಾಜಿನ ಮೇಲ್ಮೈಗೆ.

ಬಾಗುವಿಕೆಗೆ ಆ್ಯಂಟಿ-ನ್ಯೂಟನ್ ಗಾಜೇ ಮದ್ದು: ಬಣ್ಣದ ಉಂಗುರ ಬೀಳದಂತೆ ಒಂದು ಮೈ ಒರಟಾಗಿಸಿದ, ಫಿಲಂ ಮೇಲಿಡುವ ಗಾಜು. ಎಮಲ್ಷನ್‌ನ (ಚಿತ್ರ ಮೂಡಿರುವ ಪದರ) ಮಂಕು ಬದಿ ಕೆಳಗೆ, ಹೊಳಪು ಬದಿ ಗಾಜಿನ ಒರಟು ಮೈಗೆ. ಚಿತ್ರ ಎಡಬಲ ತಿರುಗಿ ಬರುತ್ತದೆ, ಆಮೇಲೆ ಸರಿಮಾಡಿಕೊಳ್ಳಿ. 4800ಕ್ಕೆ ಸ್ಕ್ಯಾನ್ ಮಾಡಿ 2400ಕ್ಕೆ ಇಳಿಸಿದರೆ ನಾಯ್ಸ್ (ಸ್ಕ್ಯಾನರ್ ತಾನೇ ಸೇರಿಸುವ ಚುಕ್ಕೆಚುಕ್ಕೆ ಕಲೆ) ತಗ್ಗುತ್ತದೆ. 6×6 ಸೆಂ.ಮೀ. ಬಣ್ಣದ ಫ್ರೇಮಿನ 16 ಬಿಟ್ ಫೈಲು ಇಳಿಸುವ ಮೊದಲು 670 ಎಂಬಿ ಇರುತ್ತದೆ, ಡಿಸ್ಕ್ ನೋಡಿಕೊಳ್ಳಿ.

ಊಟಿಯಲ್ಲಿ ತಯಾರಾಗುತ್ತಿದ್ದ ಇಂದು ಫಿಲಂನಂಥ ಬೆಳ್ಳಿಯ ಕಪ್ಪುಬಿಳುಪಿಗೆ ಇನ್‌ಫ್ರಾರೆಡ್ ಬೆಳಕಿನಿಂದ ದೂಳು, ಗೀರು ಗುರುತಿಸಿ ಅಳಿಸುವ ಡಿಜಿಟಲ್ ಐಸ್ ಹಾಕಬೇಡಿ. ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನೂ ತಡೆಯುವುದರಿಂದ ಚಿತ್ರವೇ ದೂಳೆಂದು ಅಳಿಸಿಹೋಗುತ್ತದೆ. ಬ್ಲೋವರ್, ಮೆತ್ತನೆಯ ಬ್ರಷ್, ತಾಳ್ಮೆ, ಇಷ್ಟೇ ದಾರಿ.

ಇಷ್ಟೆಲ್ಲ ಹೊಂದಿಸಿದ ಮೇಲೆ ಮಾತ್ರ ನನ್ನ ಸಿಟ್ಟು ಇಳಿಯುತ್ತದೆ. 6×6 ಕಪ್ಪುಬಿಳುಪನ್ನು 15 ಇಂಚಿಗೆ ಪ್ರಿಂಟ್ ಹಾಕಿ ಡ್ರಮ್ಮಿನ ಪ್ರಿಂಟ್ ಪಕ್ಕದಲ್ಲಿಟ್ಟರೆ ಕೈಯಳತೆಯ ದೂರದಿಂದ ಬೇರೆ ಮಾಡುವುದು ಕಷ್ಟ. ಮನೆಯ ಹಳೆಯ ನೆಗೆಟಿವ್‌ಗಳಿಗೆ ಇದು ಧಾರಾಳವಾಗಿ ಸಾಕು.

ಡ್ರಮ್ ಗೆಲ್ಲುವುದು ಗಾಢ ಸ್ಲೈಡುಗಳಲ್ಲಿ. ವೆಲ್ವಿಯಾ ಎಂಬ ಸ್ಲೈಡ್ ಫಿಲಂನ ನೆರಳಿನಲ್ಲಿ ಫ್ಲಾಟ್‌ಬೆಡ್ ಬರೀ ಗಲೀಜು ನಾಯ್ಸ್ ಕೊಡುವ ಕಡೆ, ಒಂದೊಂದೇ ಚುಕ್ಕೆ ಓದುವ, ಮಂದ ಬೆಳಕನ್ನೂ ಹಿಡಿಯುವ ಡ್ರಮ್ ಯಂತ್ರದ ಫೋಟೋಮಲ್ಟಿಪ್ಲೈಯರ್ ಟ್ಯೂಬ್ ಮರದ ತೊಗಟೆಯನ್ನೇ ಬಿಡಿಸಿ ತೋರಿಸುತ್ತದೆ. ಫಿಲಂ ಅಕ್ರಿಲಿಕ್ ಡ್ರಮ್ಮಿಗೆ ದ್ರವದಲ್ಲಿ ಅಂಟಿ, ಮೇಲೆ ಮೈಲಾರ್ ಎಂಬ ತೆಳು ಪಾರದರ್ಶಕ ಹಾಳೆ ಹೊದ್ದು, ಸುತ್ತ ಟೇಪಿನಿಂದ ಬಿಗಿದಿರುವುದರಿಂದ ಬಾಗುವ ಮಾತೇ ಇಲ್ಲ. ಬೇಸ್ (ಹೊಳಪು) ಬದಿಯ ಸಣ್ಣ ಗೀರುಗಳನ್ನು ಆ ದ್ರವ ತುಂಬಿ ಮರೆಸುತ್ತದೆ. ಫಂಗಸ್ ತಿಂದ ಎಮಲ್ಷನ್ನಿಗೆ ಅದೂ ಏನೂ ಮಾಡಲಾರದು. ಗುಳ್ಳೆ ಉಳಿದರೆ ಸ್ಕ್ಯಾನಿನಲ್ಲಿ ಉಂಗುರ ಬೀಳುತ್ತದೆ, ಮತ್ತೆ ಮೊದಲಿಂದ.

ಡ್ರಮ್ ಯಂತ್ರವನ್ನು ಸ್ವಂತಕ್ಕೆ ಕೊಳ್ಳಬೇಡಿ. ಬಹುಪಾಲು ಯಂತ್ರಗಳು 1990ರ ದಶಕದವು, ಸ್ಕಸಿ ಎಂಬ ಹಳೆಯ ಕಾಲದ ಕೇಬಲ್ಲು, ಹಳೆಯ ಮ್ಯಾಕ್ ಬೇಕು. ಆಲ್ಕೋಹಾಲ್ ತಾಗಿದರೆ ಅಕ್ರಿಲಿಕ್ ಕೂದಲೆಳೆಯಷ್ಟು ಸಣ್ಣಗೆ ಬಿರಿಯುತ್ತದೆ. ಆಯ್ದ ಸ್ಲೈಡುಗಳನ್ನು ಲ್ಯಾಬಿಗೆ ಕೊಡಿ. ಮೌಂಟಿನಿಂದ (ಸ್ಲೈಡಿನ ಚೌಕಟ್ಟು) ಬಿಚ್ಚಬೇಕಾಗುತ್ತದೆ, ಮೌಂಟಿನ ಮೇಲಿನ ಬರಹವನ್ನು ಮೊದಲೇ ಬರೆದಿಟ್ಟುಕೊಳ್ಳಿ. 16 ಬಿಟ್ ಟಿಫ್, ಶಾರ್ಪನಿಂಗ್ ಬೇಡ ಎಂದು ಚೀಟಿಯಲ್ಲಿ ಬರೆಯಿರಿ. ಬಣ್ಣದ ನೆಗೆಟಿವ್ ಆದರೆ ಅಪರ್ಚರ್ (ಡ್ರಮ್ ಒಮ್ಮೆಗೆ ಓದುವ ಚುಕ್ಕೆಯ ಗಾತ್ರ) ತೀರ ಚಿಕ್ಕದು ಬೇಡವೆಂದೂ ಸೇರಿಸಿ, ಇಲ್ಲದಿದ್ದರೆ ಆಕಾಶವೆಲ್ಲ ಗ್ರೇನ್ ಎದ್ದು ಕಾಣುತ್ತದೆ.