ಯಾರ ಕಣ್ಣಿಂದ ಮರೆ? ಬೆಂಗಳೂರಿನ ಲೈನುಗಳ ಮೇಲೆ ಆರು ದಾರಿಗಳ ಹೋಲಿಕೆ

ವಿಪಿಎನ್ ಅಂದರೆ ನಿಮ್ಮ ಇಂಟರ್ನೆಟ್ ಓಡಾಟವನ್ನು ಮುಚ್ಚಿದ ಸುರಂಗದಲ್ಲಿ ಇನ್ನೊಬ್ಬರ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ. ಅದನ್ನು ಹಾಕಿದರೆ ಯಾರಿಗೂ ಏನೂ ಕಾಣುವುದಿಲ್ಲ ಅನ್ನುವುದು ಜಾಹೀರಾತಿನ ಮಾತು. ವಿಪಿಎನ್ ಇಲ್ಲದಾಗ ನೀವು ಯಾವ ಸೈಟಿಗೆ ಹೋದಿರಿ ಎನ್ನುವುದು ಪಿಜಿ ಮಾಲೀಕರ ರೂಟರ್‌ಗೆ, ಕಾಫಿ ಅಂಗಡಿಯ ವೈಫೈಗೆ, ಇಂಟರ್ನೆಟ್ ಕಂಪನಿಗೆ ಕಾಣುತ್ತದೆ. ವಿಪಿಎನ್ ಹಾಕಿದ ಮೇಲೆ ಅವರ ಕಣ್ಣು ಮುಚ್ಚುತ್ತದೆ, ವಿಪಿಎನ್ ನಡೆಸುವವರ ಕಣ್ಣು ತೆರೆಯುತ್ತದೆ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಯಿತು, ಅಷ್ಟೇ. ಹಾಗಾಗಿ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು, ಯಾರಿಂದ ಮರೆಯಾಗಬೇಕು ಎಂದು ಕೇಳಿಕೊಳ್ಳಬೇಕು.

ಒಂದು ಆಂಡ್ರಾಯ್ಡ್ ಫೋನ್, ಒಂದು ಲಿನಕ್ಸ್ ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯ ಫೈಬರ್, ಮೊಬೈಲ್ ಡೇಟಾ, ಹಂಚಿಕೊಂಡ ವೈಫೈ ಈ ಮೂರರ ಮೇಲೂ ನೋಡಿದ ದಾರಿಗಳು ಆರು: ಬರೀ ಪ್ರೈವೇಟ್ ಡಿಎನ್ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವ ಪ್ರಶ್ನೆಯನ್ನು ಗುಟ್ಟಾಗಿ ಕಳಿಸುವುದು), ಕ್ಲೌಡ್‌ಫ್ಲೇರ್ ವಾರ್ಪ್, ಪ್ರೋಟಾನ್ ವಿಪಿಎನ್‌ನ ಉಚಿತ ಪ್ಲಾನ್, ಹಣ ಕೊಟ್ಟು ತೆಗೆದುಕೊಳ್ಳುವ ಮುಲ್ವಾಡ್, ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಬಾಡಿಗೆ ಸರ್ವರ್ ಹಿಡಿದು ನಾವೇ ಹಾಕಿಕೊಂಡ ವೈರ್‌ಗಾರ್ಡ್ (ವಿಪಿಎನ್ ಸುರಂಗ ಕಟ್ಟುವ ಸಾಫ್ಟ್‌ವೇರ್), ನಮ್ಮದೇ ಸಾಧನಗಳನ್ನು ಒಂದಕ್ಕೊಂದು ಜೋಡಿಸಿ ಮನೆಯ ಲೈನಿಗೇ ವಾಪಸು ಕರೆತರುವ ಟೇಲ್‌ಸ್ಕೇಲ್.

ಮೊದಲು ಒಂದು ಕಾನೂನಿನ ವಿಷಯ, ಯಾಕೆಂದರೆ ಆಯ್ಕೆ ಇದರ ಮೇಲೇ ನಿಂತಿದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಭಾರತದಲ್ಲಿ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಕೊಟ್ಟ ಐಪಿ (ಇಂಟರ್ನೆಟ್‌ನಲ್ಲಿ ಸಾಧನವನ್ನು ಗುರುತಿಸುವ ವಿಳಾಸ), ಬಳಸುವ ಉದ್ದೇಶ ಇವನ್ನೆಲ್ಲ 5 ವರ್ಷ ಇಟ್ಟುಕೊಳ್ಳಬೇಕು. ಇದಕ್ಕೆ ಒಪ್ಪದೆ ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್, ಪ್ರೋಟಾನ್ ಎಲ್ಲವೂ ಅದೇ ವರ್ಷ ಇಲ್ಲಿಂದ ಸರ್ವರ್ ಎತ್ತಿಕೊಂಡು ಹೋದವು. ಈಗ ಇಂಥ ಆ್ಯಪ್‌ಗಳ ಪಟ್ಟಿಯಲ್ಲಿ ‘ಇಂಡಿಯಾ’ ಎಂದು ಕಂಡರೆ ಅದು ಬಹುಮಟ್ಟಿಗೆ ಸಿಂಗಪುರದಂಥ ಕಡೆ ಕೂತು ಭಾರತದ ಐಪಿ ತೋರಿಸುವ ಸರ್ವರ್. ಇನ್ನೊಂದು ಕಡೆ, ನಮ್ಮ ಇಂಟರ್ನೆಟ್ ಕಂಪನಿಗಳು ಸಂಪರ್ಕದ ದಾಖಲೆಗಳನ್ನು ಕನಿಷ್ಠ 2 ವರ್ಷ ಇಡಬೇಕೆಂದು 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಷರತ್ತು ತಿದ್ದಲಾಗಿದೆ.

ಪ್ರೈವೇಟ್ ಡಿಎನ್ಎಸ್ ವಿಪಿಎನ್ ಅಲ್ಲ, ಆದರೂ ಎಲ್ಲರೂ ಮಾಡಿಕೊಳ್ಳಬಹುದಾದ ಕೆಲಸ. ಆಂಡ್ರಾಯ್ಡ್ 9ರಿಂದ ಈಚಿನ ಎಲ್ಲ ಫೋನ್‌ಗಳಲ್ಲೂ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ; ಕ್ವಾಡ್9 ಅಥವಾ ಕ್ಲೌಡ್‌ಫ್ಲೇರ್ ಸರ್ವರ್‌ನ ಹೆಸರು ಟೈಪ್ ಮಾಡಿ ಸೇವ್ ಮಾಡಿದರೆ ಮುಗಿಯಿತು. ವೇಗ ಕಡಿಮೆಯಾಗುವುದಿಲ್ಲ, ಯುಪಿಐ ಆ್ಯಪ್‌ಗಳು ತಕರಾರು ಮಾಡುವುದಿಲ್ಲ. ಆದರೆ ಮುಚ್ಚುವುದು ಅರ್ಧ ಮಾತ್ರ. ಸೈಟಿನ ವಿಳಾಸ ಹುಡುಕುವ ಪ್ರಶ್ನೆ ಗುಟ್ಟಾಗಿ ಹೋದರೂ, ಆ ಸೈಟಿನ ಜೊತೆ ಸಂಪರ್ಕ ಶುರುವಾಗುವಾಗ ಕಳಿಸುವ ಮೊದಲ ಸಂದೇಶದಲ್ಲಿ ಅದರ ಹೆಸರು ಬಹುತೇಕ ಸಲ ಬಿಚ್ಚಾಗಿಯೇ ಹೋಗುತ್ತದೆ. ನೋಡಬೇಕೆನ್ನುವವರು ಅಲ್ಲಿ ನೋಡುತ್ತಾರೆ. ಕೆಲವು ಆಫೀಸ್, ಹೋಟೆಲ್ ವೈಫೈಗಳು ಈ ಪ್ರಶ್ನೆಗಳು ಹೋಗುವ ಬಾಗಿಲಾದ 853ನೇ ಪೋರ್ಟನ್ನು ಮುಚ್ಚಿರುತ್ತವೆ. ಆಗ ವೈಫೈ ಹೆಸರಿನ ಕೆಳಗೆ ಪ್ರೈವೇಟ್ ಡಿಎನ್ಎಸ್ ಸರ್ವರ್ ಸಿಗುತ್ತಿಲ್ಲ ಎಂಬ ಸಾಲು ಬಂದು ನೆಟ್ ಪೂರ್ತಿ ನಿಂತುಬಿಡುತ್ತದೆ. ಅಲ್ಲಿರುವಷ್ಟು ಹೊತ್ತು ‘ಆಟೋಮ್ಯಾಟಿಕ್’ಗೆ ಹಾಕಿಕೊಳ್ಳಬೇಕು.

ವಾರ್ಪ್ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಫೋನಿನಿಂದ ಹತ್ತಿರದ ಕ್ಲೌಡ್‌ಫ್ಲೇರ್ ಸರ್ವರ್‌ವರೆಗೆ ಎಲ್ಲವನ್ನೂ ಮುಚ್ಚಿ ಒಯ್ಯುತ್ತದೆ, ದುಡ್ಡಿಲ್ಲ, ವೇಗದಲ್ಲಿ ಕಣ್ಣಿಗೆ ಕಾಣುವ ಕಡಿತವಿಲ್ಲ. ಆದರೆ ನೀವು ಎಲ್ಲಿದ್ದೀರಿ ಎಂಬುದನ್ನು ಸೈಟುಗಳಿಂದ ಮರೆಮಾಡುವುದು ಇದರ ಉದ್ದೇಶವೇ ಅಲ್ಲ. ಭಾರತದಿಂದ ಬಂದವರು ಎಂದೇ ಅವಕ್ಕೆ ಕಾಣುತ್ತದೆ. ಬಿಟಿಎಂ ಲೇಔಟ್‌ನಲ್ಲೋ ಮಾರತಹಳ್ಳಿಯಲ್ಲೋ ಪಿಜಿಯಲ್ಲಿದ್ದು, ರೂಟರ್ ಪಾಸ್‌ವರ್ಡ್ ಯಾರ್ಯಾರ ಕೈಯಲ್ಲಿದೆಯೋ ಗೊತ್ತಿಲ್ಲ ಅನ್ನುವವರಿಗೆ ನಮ್ಮ ಮೊದಲ ಸಲಹೆ ಇದೇ. ತೊಂದರೆ ಬೇರೆ ಕಡೆ ಇದೆ: 2025ರ ಜನವರಿಯಲ್ಲಿ ಸರ್ಕಾರದ ಆದೇಶದ ಮೇಲೆ ಭಾರತದ ಆ್ಯಪ್ ಸ್ಟೋರ್‌ಗಳಿಂದ ಕೆಲವು ವಿಪಿಎನ್ ಆ್ಯಪ್‌ಗಳನ್ನು ತೆಗೆದಾಗ ಅದರಲ್ಲಿ ಇದೂ ಸೇರಿತ್ತು. ಸ್ಟೋರ್‌ನಲ್ಲಿ ಸಿಗದಿದ್ದಾಗ ಅದೇ ಹೆಸರಿನ, ಅದೇ ಬಣ್ಣದ ನಕಲಿ ಆ್ಯಪ್ ಕಣ್ಣಿಗೆ ಬಿದ್ದರೆ ದಯವಿಟ್ಟು ಹಾಕಿಕೊಳ್ಳಬೇಡಿ.

ಉಚಿತ ವಿಪಿಎನ್‌ಗಳ ಇತಿಹಾಸ ಒಳ್ಳೆಯದಲ್ಲ. ಹೋಲಾ ಎಂಬ ಸೇವೆ ತನ್ನ ಬಳಕೆದಾರರ ಮನೆಯ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿತ್ತೆಂದು 2015ರಲ್ಲಿ ಬಯಲಾಯಿತು. ಫೇಸ್‌ಬುಕ್‌ನ ಒನಾವೊ, ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆಂದು ಲೆಕ್ಕ ಹಾಕುತ್ತಿತ್ತು. ನಿಯಮ ಮುರಿದಿದ್ದೀರಿ ಎಂದು ಆಪಲ್ ಹೇಳಿದ ಮೇಲೆ 2018ರಲ್ಲಿ ಅದನ್ನು ಆಪಲ್ ಸ್ಟೋರ್‌ನಿಂದ ಹಿಂತೆಗೆದುಕೊಂಡರು. ಆ ಸಾಲಿನಲ್ಲಿ ನಾವು ಪ್ರೋಟಾನ್ ಒಂದನ್ನು ಮಾತ್ರ ಬೇರೆಯಾಗಿ ಇಡುತ್ತೇವೆ: ಜಾಹೀರಾತಿಲ್ಲ, ಡೇಟಾ ಮಿತಿ ಇಲ್ಲ, ಆ್ಯಪ್‌ನ ಕೋಡ್ ಯಾರು ಬೇಕಾದರೂ ಓದಬಹುದು, ಖರ್ಚು ಹಣ ಕೊಡುವ ಗ್ರಾಹಕರಿಂದ ಬರುತ್ತದೆ. ಒಂದು ಸಲಕ್ಕೆ ಒಂದೇ ಸಾಧನ, ಯಾವ ದೇಶ ಅನ್ನುವುದನ್ನು ಆ್ಯಪ್ ತಾನೇ ಆರಿಸುತ್ತದೆ. ಈ ಎರಡನೆಯದೇ ಇದರ ಕಷ್ಟ. ನೆದರ್ಲ್ಯಾಂಡ್ಸ್ ಬಂದರೆ ಬೆಂಗಳೂರಿನಿಂದ ನೇರ ಗೆರೆ ಎಳೆದರೂ ಸುಮಾರು 7,700 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರುವುದಕ್ಕೇ 77 ಮಿಲಿಸೆಕೆಂಡ್ ಬೇಕು, ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಓದುವುದಕ್ಕೆ, ವಿಡಿಯೊ ನೋಡುವುದಕ್ಕೆ ಸಾಕು. ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುವ ಪರಿಸ್ಥಿತಿ ಬರುತ್ತದೆ.

ಮನೆಯ ಇಂಟರ್ನೆಟ್ ಕಂಪನಿಯಿಂದ, ಸೈಟುಗಳಿಂದ ಎರಡರಿಂದಲೂ ಮರೆಯಾಗಬೇಕು ಅನ್ನುವವರಿಗೆ ಮುಲ್ವಾಡ್. ಇಮೇಲ್, ಫೋನ್ ನಂಬರ್ ಏನನ್ನೂ ಕೇಳುವುದಿಲ್ಲ. 16 ಅಂಕಿಯ ಒಂದು ಖಾತೆ ಸಂಖ್ಯೆ ಕೊಡುತ್ತದೆ, ಅದೇ ನಿಮ್ಮ ಹೆಸರು, ಅದೇ ಪಾಸ್‌ವರ್ಡ್. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ವಾರಂಟ್ ಹಿಡಿದು ಇವರ ಕಚೇರಿಗೆ ಬಂದರು. ಗ್ರಾಹಕರ ಮಾಹಿತಿ ನಮ್ಮಲ್ಲಿ ಇಡುವುದೇ ಇಲ್ಲ ಎಂದು ತೋರಿಸಿದ ಮೇಲೆ ಬರಿಗೈಲಿ ಹೋದರು. ಲಾಗ್ (ಬಳಕೆಯ ದಾಖಲೆ) ಇಡುವುದಿಲ್ಲ ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ, ಹೀಗೆ ಹೊರಗಿನವರು ಬಂದು ಒರೆಗೆ ಹಚ್ಚಿದ್ದು ಕೆಲವರಿಗೆ ಮಾತ್ರ. ತಿಂಗಳಿಗೆ 5 ಯೂರೋ, ನಮ್ಮ ಲೆಕ್ಕದಲ್ಲಿ 500 ರೂಪಾಯಿ ಆಸುಪಾಸು, ಮೇಲೆ ಬ್ಯಾಂಕಿನ ವಿನಿಮಯ ಶುಲ್ಕ. 5 ಸಾಧನಗಳಿಗೆ ಸಾಲುತ್ತದೆ. ಕಾರ್ಡ್ ನಡೆಯದಿದ್ದರೆ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಆಗಿದೆಯೇ ನೋಡಿ. ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ಇವರಲ್ಲಿ ಇಲ್ಲ, ಆದ್ದರಿಂದ ಇ-ಮ್ಯಾಂಡೇಟ್ ತಲೆನೋವೂ ಇಲ್ಲ. ಹತ್ತಿರದ ಸರ್ವರ್‌ಗಳಲ್ಲಿ ಒಂದು ಸಿಂಗಪುರದ್ದು, ಸುಮಾರು 3,200 ಕಿಲೋಮೀಟರ್. ಮೇಲಿನ ಲೆಕ್ಕದಲ್ಲೇ ಕನಿಷ್ಠ 32 ಮಿಲಿಸೆಕೆಂಡ್. ಮನೆಯ ಫೈಬರ್‌ನಲ್ಲಿ ದಿನವಿಡೀ ಹಾಕಿಟ್ಟರೂ ಮರೆತುಹೋಗುವಷ್ಟು ಸಲೀಸು.

ತೊಡಕು ಇರುವುದು ನಮ್ಮದೇ ಸೈಟುಗಳಲ್ಲಿ. ಕೆಲವು ಸರ್ಕಾರಿ ಸೈಟುಗಳು ಹೊರದೇಶದ ಐಪಿಗೆ ತೆರೆದುಕೊಳ್ಳುವುದೇ ಇಲ್ಲ, ಪುಟ ಬಿಳಿಯಾಗಿ ತಿರುಗುತ್ತಲೇ ಇರುತ್ತದೆ. ಕೆಲವು ಬ್ಯಾಂಕ್ ಆ್ಯಪ್‌ಗಳು ವಿಪಿಎನ್ ಕಂಡ ತಕ್ಷಣ ಹೊರಗೆ ನಿಲ್ಲಿಸುತ್ತವೆ. ಪರಿಹಾರ ಸ್ಪ್ಲಿಟ್ ಟನೆಲಿಂಗ್: ವಿಪಿಎನ್ ಸೆಟ್ಟಿಂಗ್‌ನಲ್ಲಿ ಬ್ಯಾಂಕ್, ಯುಪಿಐ ಆ್ಯಪ್‌ಗಳನ್ನು ಹೊರಗಿಡುವುದು. ಇಲ್ಲಿ ಬಹಳ ಜನ ಎಡವುತ್ತಾರೆ. ಆಂಡ್ರಾಯ್ಡ್‌ನಲ್ಲಿ ‘ವಿಪಿಎನ್ ಇಲ್ಲದ ಸಂಪರ್ಕ ತಡೆ’ ಎಂಬ ಸೆಟ್ಟಿಂಗ್ ಕೂಡ ಆನ್ ಇದ್ದರೆ, ಹೊರಗಿಟ್ಟ ಆ್ಯಪ್‌ಗಳಿಗೆ ನೆಟ್ಟೇ ಸಿಗುವುದಿಲ್ಲ. ಬ್ಯಾಂಕಿನ ಸರ್ವರ್ ಕೆಟ್ಟಿದೆ ಅಂದುಕೊಂಡು ಗಂಟೆಗಟ್ಟಲೆ ಕಾಯುವ ಮುನ್ನ ಇದನ್ನು ನೋಡಿ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು.

ಸ್ವಂತ ವೈರ್‌ಗಾರ್ಡ್ ಬಗ್ಗೆ ತುಸು ಹೆಚ್ಚು ಹೇಳಬೇಕು, ಇಂಜಿನಿಯರುಗಳ ಈ ಊರಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಡಿಜಿಟಲ್ ಓಷನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ. ತಿಂಗಳಿಗೆ 4ರಿಂದ 6 ಡಾಲರ್‌ನ ಚಿಕ್ಕ ಸರ್ವರ್ ಸಾಕು. ಪ್ಯಾಕೇಜ್ ಹಾಕಿ, ಸರ್ವರ್‌ಗೊಂದು ಫೋನಿಗೊಂದು ಕೀ ಜೋಡಿ ಮಾಡಿ, ಸಾರ್ವಜನಿಕ ಕೀಗಳನ್ನು ಅದಲುಬದಲು ಬರೆದು, ಫೈರ್‌ವಾಲ್‌ನಲ್ಲಿ 51820 ಪೋರ್ಟ್ ತೆರೆದರೆ ಅರ್ಧ ಗಂಟೆಯ ಕೆಲಸ. ಕೆಟ್ಟರೆ ಮಾತ್ರ ಕಾರಣ ಹೇಳುವುದಿಲ್ಲ, ಯಾಕೆಂದರೆ ಗುರುತಿಲ್ಲದ ಪ್ಯಾಕೆಟ್‌ಗೆ (ಡೇಟಾದ ತುಣುಕಿಗೆ) ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಆ್ಯಪ್‌ನಲ್ಲಿ ‘ಲೇಟೆಸ್ಟ್ ಹ್ಯಾಂಡ್‌ಶೇಕ್’ ಸಾಲು ಹುಡುಕಿ, ಫೋನೂ ಸರ್ವರೂ ಕೊನೆಯದಾಗಿ ಪರಸ್ಪರ ಗುರುತಿಸಿದ್ದು ಯಾವಾಗ ಎಂದು ಅದು ಹೇಳುತ್ತದೆ. ಅದು ಬಂದೇ ಇಲ್ಲವಾದರೆ ಕೀ ತಪ್ಪು, ಇಲ್ಲವೇ ಡೇಟಾ ಸಾಗಿಸುವ ಎರಡು ವಿಧಾನಗಳಲ್ಲಿ ವೈರ್‌ಗಾರ್ಡ್ ಬಳಸುವ ಯುಡಿಪಿ ತೆರೆಯುವ ಬದಲು ಟಿಸಿಪಿ ತೆರೆದಿದ್ದೀರಿ. ಬಂದಿದೆ, ಆದರೆ ನೆಟ್ ಇಲ್ಲವಾದರೆ ಸರ್ವರ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಪ್ಯಾಕೆಟ್‌ಗಳನ್ನು ಮುಂದಕ್ಕೆ ದಾಟಿಸುವುದು) ಆನ್ ಆಗಿಲ್ಲ, ಅಥವಾ ನ್ಯಾಟ್ (ಒಂದೇ ಐಪಿಯನ್ನು ಹಲವರಿಗೆ ಹಂಚುವ) ನಿಯಮದಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ತಪ್ಪಾಗಿದೆ. ಐದಾರು ನಿಮಿಷ ಸುಮ್ಮನಿದ್ದ ಮೇಲೆ ಹೊರಗಿನಿಂದ ಬರುವುದು ನಿಂತರೆ ಕೀಪ್‌ಅಲೈವ್ (ಸಂಪರ್ಕ ಕಡಿಯದಂತೆ ಆಗಾಗ ಕಳಿಸುವ ಸಂದೇಶ) 25 ಸೆಕೆಂಡ್ ಹಾಕಿ.

ಎಲ್ಲಕ್ಕಿಂತ ಜನರನ್ನು ಸುಸ್ತು ಮಾಡುವುದು ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ. ಪಿಂಗ್ ಬರುತ್ತದೆ, ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕೆಲವು ಪುಟಗಳು ಮಾತ್ರ ಅರ್ಧಕ್ಕೆ ನಿಲ್ಲುತ್ತವೆ: ಇದು ಅದರದ್ದೇ ಲಕ್ಷಣ. ವೈರ್‌ಗಾರ್ಡ್ 1500 ಬೈಟ್‌ನ ದಾರಿ ಇದೆ ಎಂದುಕೊಂಡು ತನ್ನ 80 ಬೈಟ್ ಕಳೆದು 1420 ಇಟ್ಟುಕೊಳ್ಳುತ್ತದೆ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಲಾಗಿನ್ ಇರುವ ಫೈಬರ್‌ನಲ್ಲಿ ದಾರಿ 1492 ಮಾತ್ರ, ಮೊಬೈಲ್ ನೆಟ್‌ವರ್ಕ್‌ನಲ್ಲಿ ಹಳೆ ಬಗೆಯ ವಿಳಾಸವಾದ ಐಪಿವಿ4ನ್ನು ಹೊಸ ಬಗೆಯ ಐಪಿವಿ6ಗೆ ಬದಲಿಸುವಾಗ ಇನ್ನೂ 20 ಬೈಟ್ ಹೋಗುತ್ತದೆ. ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲೇ ಬಿದ್ದುಹೋಗುತ್ತವೆ. ಮನೆಯಲ್ಲಿ 1412, ಫೋನಿನಲ್ಲಿ 1280 ಹಾಕಿದರೆ ತಟ್ಟನೆ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದೇನು? ಹಂಚಿಕೊಂಡ ವೈಫೈನಿಂದ ಪೂರ್ತಿ ರಕ್ಷಣೆ, ಭಾರತದ ಐಪಿ, ತಡವೇ ಇಲ್ಲದ ವೇಗ. ಸಿಗದೇ ಇರುವುದು ಗುಂಪಿನ ಮರೆ. ಆ ಐಪಿಯನ್ನು ಬಳಸುವವರು ನೀವೊಬ್ಬರೇ, ಸರ್ವರ್ ಬಾಡಿಗೆ ಕೊಟ್ಟವರ ಹತ್ತಿರ ನಿಮ್ಮ ಕಾರ್ಡ್ ಇದೆ. ಇಂದು, ನಾಳೆ, ಆರು ತಿಂಗಳ ನಂತರ ಬಂದವರೂ ಒಬ್ಬರೇ ಎಂದು ಸೈಟುಗಳಿಗೆ ಸುಲಭವಾಗಿ ಗೊತ್ತಾಗುತ್ತದೆ. ಖಾಸಗಿತನಕ್ಕೆಂದೇ ಇದನ್ನು ಮಾಡುತ್ತೇವೆ ಅನ್ನುವವರಿಗೆ ನಾವು ಬೇಡ ಎನ್ನುತ್ತೇವೆ.

ಅದೇ ಕೆಲಸವನ್ನು ಮನೆಯಲ್ಲೇ ಮಾಡಲು ಹೋದರೆ ಗೋಡೆ ಎದುರಾಗುತ್ತದೆ. ರೂಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) 100.64ರಿಂದ 100.127ರ ಒಳಗೆ ಇದ್ದರೆ ಅದು ಸಿಜಿನ್ಯಾಟ್. ನೂರಾರು ಮನೆಗಳಿಗೆ ಒಂದೇ ಹೊರಗಿನ ವಿಳಾಸ, ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಸಂಪರ್ಕವನ್ನು ರೂಟರ್ ಒಳಗಿನ ಸಾಧನಕ್ಕೆ ದಾಟಿಸುವುದು) ಮಾಡಿ ಪ್ರಯೋಜನವಿಲ್ಲ. ಟೇಲ್‌ಸ್ಕೇಲ್ ಈ ಗೋಡೆಯನ್ನು ದಾಟುತ್ತದೆ. ಮನೆಯ ಹಳೆ ಲ್ಯಾಪ್‌ಟಾಪನ್ನೋ ರಾಸ್ಪ್‌ಬೆರಿ ಪೈಯನ್ನೋ ಎಕ್ಸಿಟ್ ನೋಡ್ (ನೆಟ್‌ಗೆ ಹೊರಬೀಳುವ ಬಾಗಿಲು) ಎಂದು ಸಾರಿ, ಅಡ್ಮಿನ್ ಪುಟದಲ್ಲಿ ಒಪ್ಪಿಗೆ ಕೊಟ್ಟು, ಫೋನಿನಲ್ಲಿ ಅದನ್ನು ಆರಿಸಬೇಕು. ನಡುವಿನ ಒಪ್ಪಿಗೆಯ ಹೆಜ್ಜೆಯನ್ನು ಮರೆಯುವವರೇ ಹೆಚ್ಚು. ವಿದೇಶಕ್ಕೆ ಹೋದವರು ಇಲ್ಲಿನ ಬ್ಯಾಂಕ್, ಸರ್ಕಾರಿ ಸೈಟ್ ತೆರೆಯಲು ಇದಕ್ಕಿಂತ ಒಳ್ಳೆಯ ದಾರಿ ಕಾಣೆವು: ನಿಮ್ಮ ಮನೆಯ ಐಪಿಯಿಂದಲೇ ಹೋಗುತ್ತೀರಿ. ಮನೆಯ ಅಪ್‌ಲೋಡ್ ವೇಗವೇ ನಿಮ್ಮ ಡೌನ್‌ಲೋಡ್ ವೇಗ. ಕರೆಂಟ್ ಹೋದರೆ ದಾರಿಯೂ ಹೋಯಿತು, ಆದ್ದರಿಂದ ಫೈಬರ್ ಡಬ್ಬಿ, ರೂಟರ್, ಪೈ ಮೂರಕ್ಕೂ ಬ್ಯಾಟರಿ ಬ್ಯಾಕಪ್ ಇರಲಿ.

ಯಾವುದನ್ನೇ ಆರಿಸಿದರೂ ಸೋರಿಕೆ ಪರೀಕ್ಷೆ ಮಾಡದೆ ನಂಬಬೇಡಿ. ವಿಪಿಎನ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಐಪಿ ತೋರಿಸುವ ಸೈಟಿನಲ್ಲಿ ಐಪಿವಿ4, ಐಪಿವಿ6 ಎರಡನ್ನೂ ಬರೆದುಕೊಳ್ಳಿ. ನಮ್ಮ ಮೊಬೈಲ್ ಕಂಪನಿಗಳು ಐಪಿವಿ6 ಧಾರಾಳವಾಗಿ ಕೊಡುವುದರಿಂದ ಇಲ್ಲಿ ಸೋರುವುದು ಬಹುಪಾಲು ಅದೇ: ಕಾನ್ಫಿಗ್‌ನಲ್ಲಿ 0.0.0.0/0 (ಎಲ್ಲ ಐಪಿವಿ4) ಮಾತ್ರ ಬರೆದು ::/0 (ಎಲ್ಲ ಐಪಿವಿ6) ಬಿಟ್ಟಿದ್ದರೆ ಅರ್ಧ ಮಾಹಿತಿ ಸುರಂಗದ ಹೊರಗೇ ಹೋಗುತ್ತದೆ. ನಂತರ ಡಿಎನ್ಎಸ್ ಪರೀಕ್ಷೆ. ಫಲಿತಾಂಶದಲ್ಲಿ ನಿಮ್ಮ ಇಂಟರ್ನೆಟ್ ಕಂಪನಿಯ ಹೆಸರು ಬಂದರೆ, ಕಾನ್ಫಿಗ್‌ನಲ್ಲಿ ಡಿಎನ್ಎಸ್ ಸಾಲು ಇಲ್ಲ ಎಂದು ಅರ್ಥ. ಲ್ಯಾಪ್‌ಟಾಪ್ ಮನೆಯ ರೂಟರ್ ಆದ 192.168.1.1ನ್ನೇ ಕೇಳುತ್ತಿದೆ, ಅದು ಸ್ಥಳೀಯ ವಿಳಾಸವಾದ್ದರಿಂದ ಸುರಂಗಕ್ಕೆ ಇಳಿಯುವುದೇ ಇಲ್ಲ. ಕೊನೆಗೆ ಕಿಲ್ ಸ್ವಿಚ್, ಅಂದರೆ ವಿಪಿಎನ್ ಬಿದ್ದರೆ ನೆಟ್ಟನ್ನೇ ತಡೆಯುವ ಸೆಟ್ಟಿಂಗ್: ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿ, ನಡುವೆ ವಿಪಿಎನ್ ಆ್ಯಪನ್ನು ಬಲವಂತವಾಗಿ ನಿಲ್ಲಿಸಿ. ಡೌನ್‌ಲೋಡ್ ಅಲ್ಲೇ ನಿಲ್ಲಬೇಕು. ಮುಂದುವರಿದರೆ ಕಿಲ್ ಸ್ವಿಚ್ ಹೆಸರಿಗೆ ಮಾತ್ರ ಇದೆ.

ಕಿಲ್ ಸ್ವಿಚ್ ಸರಿಯಾಗಿ ಕೂತ ಲ್ಯಾಪ್‌ಟಾಪ್‌ನಲ್ಲಿ ರೈಲ್ವೆ ಸ್ಟೇಷನ್ನಿನ ವೈಫೈಯಂಥ ಕಡೆ ಒಟಿಪಿ ಕೇಳುವ ಪುಟವೇ ಬರುವುದಿಲ್ಲ. ಬೇರೆಲ್ಲ ಆ್ಯಪ್ ಮುಚ್ಚಿ, ಸ್ವಿಚ್ ತೆಗೆದು, ಒಟಿಪಿ ಹಾಕಿ, ಮತ್ತೆ ವಿಪಿಎನ್ ಆನ್ ಮಾಡಿದ ಮೇಲೆಯೇ ಮೇಲ್ ತೆರೆಯಿರಿ.