ಕೊಟ್ಟಿಗೆ, ತೋಟ, ಒಂದು ಹಳೇ ಜೀಪು: ಹನ್ನೊಂದು ವರ್ಷ ಓಡಿಸಿದ ಮೇಲೆ

ಯಾವ ಮಾಡೆಲ್ ಎಂದು ಕೇಳಬೇಡಿ, ನೇರ ಉತ್ತರವಿಲ್ಲ. ಆರ್‌ಸಿ ಪ್ರಕಾರ 1996ರ ಡೀಸೆಲ್ ಜೀಪು. ಆದರೆ ಗೇರ್‌ಬಾಕ್ಸ್ ಗುಜರಿಯಿಂದ ಬಂದದ್ದು, ಹಿಂದಿನ ಬಾಡಿ ಶಿರಸಿಯ ವೆಲ್ಡಿಂಗ್ ಶಾಪಿನಲ್ಲಿ ಹುಟ್ಟಿದ್ದು. 2014ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ನಮ್ಮದು ಸಿದ್ದಾಪುರ ತಾಲ್ಲೂಕಿನ ಒಂಟಿಮನೆ. ಟಾರು ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಮಣ್ಣುದಾರಿ, ನಡುವೆ ಹಳ್ಳ. ಎರಡು ಎಕರೆ ಅಡಿಕೆ ತೋಟ, ಆರು ಮಲೆನಾಡು ಗಿಡ್ಡ ತಳಿಯ ದನ.

ಜೀಪಿನ ಮುಖ್ಯ ಕೆಲಸ ದರಕು (ಉದುರಿದ ಒಣ ಎಲೆ), ಸೊಪ್ಪು, ಗೊಬ್ಬರ ಹೊರುವುದು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ದರಕು ತರಲು ಬಿಟ್ಟ ಕಾಡಿನ, ಸವಲತ್ತಿದೆ. ಆದರೆ ಬೆಟ್ಟದ ದರಕು ತಾನಾಗಿ ಕೊಟ್ಟಿಗೆಗೆ ಇಳಿದು ಬರುವುದಿಲ್ಲ. ಆ ಇಳಿಜಾರಿನಲ್ಲಿ ಲೋ ಗೇರ್ ಹಾಕಿ ಕಾಲು ತೆಗೆದರೆ ಸಾಕು, ಬ್ರೇಕ್ ಮುಟ್ಟದೆ ಆಮೆಯ ಹಾಗೆ ಇಳಿಯುತ್ತದೆ. ಈ ಒಂದು ಕಾರಣಕ್ಕೇ ಇದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಗಿಡ್ಡ ದನ ಮೂರಡಿ ಎತ್ತರ, ಕರು ಹಾಕಲು ಕಷ್ಟಪಟ್ಟಾಗ ಹಿಂದೆ ಹತ್ತಿಸಿ ಪಶು ಆಸ್ಪತ್ರೆಗೆ ಒಯ್ದದ್ದೂ ಇದೆ. ಜರ್ಸಿಯಾಗಿದ್ದರೆ ಸಾಧ್ಯವಿರಲಿಲ್ಲ.

ಫೋರ್ ವೀಲ್ (ನಾಲ್ಕೂ ಚಕ್ರ ಎಳೆಯುವ ಗೇರ್) ಹಾಕಿಕೊಂಡು ಟಾರು ರಸ್ತೆಯಲ್ಲಿ ಓಡಿಸಲೇಬೇಡಿ. ಆಗ ಮುಂದಿನ, ಹಿಂದಿನ ಆಕ್ಸಲ್ ಬಿಗಿಯಾಗಿ ಒಂದಕ್ಕೊಂದು ಕಟ್ಟಿರುತ್ತವೆ. ತಿರುವಿನಲ್ಲಿ ಒಂದನ್ನೊಂದು ಎಳೆದಾಡಿ ಲಿವರ್ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಜಗ್ಗಬೇಡಿ, ಸ್ವಲ್ಪ ರಿವರ್ಸ್ ತಗೊಳ್ಳಿ, ಬಿಡುತ್ತದೆ.

ರಿಪೇರಿ ಕಲಿತದ್ದು ಸಿಟ್ಟಿನಿಂದ. ಮೊದಲ ಮಳೆಗಾಲದಲ್ಲಿ ಗಾಡಿ ದಾರಿಯಲ್ಲೇ ನಿಂತಿತು. ಮೆಕ್ಯಾನಿಕ್ ಒಬ್ಬ ಎಳೆದುಕೊಂಡು ಹೋಗಿ, ಡೀಸೆಲ್ ಪಂಪ್ ಹೋಗಿದೆ ಎಂದು ದೊಡ್ಡ ಬಿಲ್ ಕೊಟ್ಟ. ಆಮೇಲೆ ತಿಳಿಯಿತು, ಡೀಸೆಲ್ ಲೈನಿಗೆ ಗಾಳಿ ಹೊಕ್ಕಿತ್ತು ಅಷ್ಟೇ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ ಗುಳ್ಳೆ ನಿಂತ ಮೇಲೆ ಬಿಗಿ ಮಾಡಿದರೆ ಹತ್ತು ನಿಮಿಷದ ಕೆಲಸ. ಈಗ ಗ್ರೀಸ್ ಹೊಡೆಯುವುದು, ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸ್ ಬದಲಿಸುವುದು, ಬ್ರೇಕ್ ಶೂ ಹಾಕುವುದು ಎಲ್ಲ ಮನೆ ಅಂಗಳದಲ್ಲೇ. ಹಳ್ಳ ದಾಟಿದ ಮೇಲೆ ಆಕ್ಸಲ್ ಹೌಸಿಂಗಿನ ಆಯಿಲ್ ನೋಡುವುದು ಅಭ್ಯಾಸವಾಗಿದೆ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ, ತಡಮಾಡದೆ ಚೆಲ್ಲಿ.

ನೆಲದ ತಗಡು ತೂತಾದದ್ದು ಪೂರ್ತಿ ನನ್ನ ತಪ್ಪು. ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಆ ಮೈಲುತುತ್ತದ ನೀರು ಕಬ್ಬಿಣ ತಿನ್ನುತ್ತದೆಂದು ಗೊತ್ತಿದ್ದೂ ಸೋರುವ ಡ್ರಮ್ಮು ಹೇರಿದೆ. ಅದರ ಮೇಲೆ ಗಂಜಲ, ಹಸಿ ಗೊಬ್ಬರ. ಮೂರೇ ಮಳೆಗಾಲ. ರಬ್ಬರ್ ಮ್ಯಾಟ್ ಹಾಸಿದರೆ ಸಾಕು ಅಂದುಕೊಂಡಿರಾ? ಅದರಡಿ ನೀರು ನಿಂತು ಇನ್ನೂ ಬೇಗ ತುಕ್ಕು. ಹಲಗೆ ಹಾಸಿ, ಕೆಲಸ ಮುಗಿದ ದಿನವೇ ತೊಳೆಯಿರಿ.

ಸ್ವಾವಲಂಬನೆ ಎನ್ನುವವರಿಗೆ ಒಂದು ಮಾತು. ನಮ್ಮ ಎರಡು ಘನ ಮೀಟರಿನ ಗೋಬರ್ ಗ್ಯಾಸಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಗಿಡ್ಡಗಳು ಹಗಲೆಲ್ಲ ಮೇಯುತ್ತ ಅರ್ಧ ಸಗಣಿ ಬ್ಯಾಣದಲ್ಲೇ (ಮೇಯುವ ಹುಲ್ಲುಗಾವಲು) ಹಾಕಿ ಬರುತ್ತವೆ. ಕಡಿಮೆ ಬಿದ್ದದ್ದನ್ನು ಹತ್ತಿರದ ಇನ್ನೊಂದು ಮನೆಯಿಂದ ಡೀಸೆಲ್ ಸುಟ್ಟು ತರುತ್ತೇನೆ! "ಭಾವ, ಇದಕ್ಕಿಂತ ಸಿಲಿಂಡರ್ ಅಗ್ಗ ಮಾರಾಯ" ಎಂದು ಆ ಮನೆಯವನೇ ನಗುತ್ತಾನೆ. ಗ್ಯಾಸ್ ಬಿಟ್ಟು ಉಳಿದ ಸಗಣಿ ರಾಡಿ (ಸ್ಲರಿ) ತೋಟಕ್ಕೆ ಸಿಗುತ್ತದೆಂದು ನಾನು ವಾದಿಸುತ್ತೇನೆ.

ಮೈಲೇಜ್ ರಸ್ತೆಯಲ್ಲಿ ಲೀಟರಿಗೆ ಹತ್ತು, ಬೆಟ್ಟದಲ್ಲಿ ಲೆಕ್ಕ ಬಿಟ್ಟಿದ್ದೇನೆ. ಸ್ಟೇರಿಂಗ್ ಭಾರ, ಸೊಂಟಕ್ಕೆ ಶಿಕ್ಷೆ. ದಿನಾ ಪೇಟೆಗೆ ಓಡಾಡುವವರಿಗೆ ಬೇಡವೇ ಬೇಡ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣವೂ ಇದೆ. ನನ್ನದು 2026ಕ್ಕೆ ಬರುತ್ತದೆ, ಅಷ್ಟರೊಳಗೆ ನೆಲಕ್ಕೆ ಹೊಸ ತಗಡು ಹೊಡೆಸಬೇಕು.