ಬಾಸ್ ಡಿಡಿ-3ಟಿ ಡಿಲೇ ಪೆಡಲ್: ನಾಲ್ಕು ವರ್ಷ ತುಳಿದ ಮೇಲೆ

ವಿಜಯಪುರದಲ್ಲಿ ಡಿಲೇ ಪೆಡಲನ್ನು, ಅಂದರೆ ಗಿಟಾರಿನ ದನಿಯನ್ನು ತುಸು ಹೊತ್ತಿನ ಮೇಲೆ ಮರುದನಿಯಾಗಿ ಮರಳಿಸುವ, ಕಾಲಿನಿಂದ ತುಳಿಯುವ ಪೆಟ್ಟಿಗೆಯನ್ನು, ನುಡಿಸಿ ನೋಡಿ ಕೊಳ್ಳುವ ಅವಕಾಶ ನನಗೆ ಸಿಗಲಿಲ್ಲ. ವಿಡಿಯೊ ನೋಡಿಯೇ ಆರಿಸಬೇಕಾಯಿತು. ಆ ವಿಡಿಯೊಗಳಲ್ಲಿ ಗಿಟಾರ್ ಒಂದೇ ಇರುತ್ತದೆ, ಕೋಣೆ ನಿಶ್ಶಬ್ದವಾಗಿರುತ್ತದೆ. ನಾನು ನುಡಿಸುವುದು ರಸಮಂಜರಿ ತಂಡದಲ್ಲಿ. ಕೀಬೋರ್ಡ್, ಢೋಲಕ್, ರಿದಂ ಪ್ಯಾಡ್, ಇಬ್ಬರು ಗಾಯಕರು, ಎದುರಿಗೆ ಜಾತ್ರೆಯ ಜನ. ಅಂಥ ಕಡೆ ಈ ಪೆಡಲ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಯಾರೂ ಬರೆದಿರಲಿಲ್ಲ.

ಇದಕ್ಕೆ ಮೊದಲು ನನ್ನ ಬಳಿ ಅಗ್ಗದ ಪೆಡಲೊಂದಿತ್ತು. ಮನೆಯಲ್ಲಿ ಬಲು ಇಂಪಾಗಿ ಕೇಳುತ್ತಿತ್ತು. ಇಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ಭಾವಗೀತೆಗೆ ಅದನ್ನು ಹಾಕಿಕೊಂಡು ನುಡಿಸಿದಾಗ, ಹಾಡು ಮುಗಿದ ಕೂಡಲೇ ಗಾಯಕಿ ನನ್ನತ್ತ ತಿರುಗಿ, “ಅಣ್ಣಾರೇ, ನಿಮ್ಮ ಗಿಟಾರಿನ ಮರುದನಿ ಕೇಳಿ ನನಗೆ ತಾಳವೇ ತಪ್ಪಿತು” ಎಂದರು. ಮರುದನಿಗಳು ಹಾಡಿನ ಲಯಕ್ಕೆ ಕೂಡಿ ಬರುತ್ತಿರಲಿಲ್ಲ. ಆ ಪೆಡಲಿನಲ್ಲಿ ಹಾಡಿನ ಲಯವನ್ನು ಕಾಲಿನಿಂದ ತಟ್ಟಿ ಮರುದನಿಯ ಕಾಲವನ್ನು ಅದಕ್ಕೆ ಹೊಂದಿಸುವ ದಾರಿಯೂ ಇರಲಿಲ್ಲ. ಡಿಡಿ-3ಟಿ ಆರಿಸಿದ್ದು ಮುಖ್ಯವಾಗಿ ಅದಕ್ಕಾಗಿ. 1986ರ ಡಿಡಿ-3 ಪೆಡಲಿನ ಧ್ವನಿಯನ್ನೇ ಉಳಿಸಿಕೊಂಡು, 2019ರಲ್ಲಿ ಬಂದ ಈ ಮಾದರಿಗೆ ಹೊರಗಿನಿಂದ ಕಾಲುಸ್ವಿಚ್ ಜೋಡಿಸಿ ಲಯ ತಟ್ಟುವ ಅನುಕೂಲ ಕೊಟ್ಟಿದ್ದಾರೆ. ಸ್ವಿಚ್ ಮಾತ್ರ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆ ಕೊಳ್ಳಬೇಕು. ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ನಾಲ್ಕೇ ಗುಂಡಿಗಳು. ಮರುದನಿ ಎಷ್ಟು ಜೋರು, ಎಷ್ಟು ಸಲ, ಎಷ್ಟು ಹೊತ್ತಿಗೆ, ಆ ಹೊತ್ತು ಯಾವ ಅಳತೆಯೊಳಗೆ ಎಂಬುದಕ್ಕೆ. ಅಳತೆಗಳು 50, 200 ಮತ್ತು 800 ಮಿಲಿಸೆಕೆಂಡ್‌ವರೆಗಿನವು. ನನ್ನದು ಸದಾ 800ರಲ್ಲಿರುತ್ತದೆ. ಲೆಕ್ಕ ಸರಳ: 60,000ವನ್ನು ನಿಮಿಷಕ್ಕೆ ಬೀಳುವ ತಾಳದ ಪೆಟ್ಟುಗಳಿಂದ ಭಾಗಿಸಿದರೆ ಒಂದು ಪೆಟ್ಟಿನ ಕಾಲ ಸಿಗುತ್ತದೆ. 120ರ ವೇಗಕ್ಕೆ 500 ಮಿಲಿಸೆಕೆಂಡ್. ಅದರ ಮುಕ್ಕಾಲು, ಅಂದರೆ 375ಕ್ಕೆ ಇಟ್ಟು ಸರಳವಾದ ಅರ್ಧಪೆಟ್ಟಿನ ಸ್ವರಗಳನ್ನು ನುಡಿಸಿದರೆ, ನುಡಿಸಿದ ಸ್ವರಗಳ ನಡುವಿನ ಖಾಲಿ ಜಾಗಗಳಲ್ಲಿ ಮರುದನಿ ಬಂದು ಕೂರುತ್ತದೆ. ಕೈ ಎರಡು ಪಟ್ಟು ಓಡಿದಂತೆ ಕೇಳುತ್ತದೆ. ಮೊದಲ ಸಲ ಅದು ಕೂಡಿ ಬಂದ ರಾತ್ರಿ ನಾನು ಊಟ ಮರೆತು ಕುಳಿತಿದ್ದೆ.

ಈ ಲೆಕ್ಕದಲ್ಲೇ ಪೆಡಲಿನ ಮಿತಿಯೂ ಇದೆ. 75ಕ್ಕಿಂತ ನಿಧಾನದ ಹಾಡಿನಲ್ಲಿ ಒಂದು ಪೆಟ್ಟಿನ ಕಾಲ 800 ಮಿಲಿಸೆಕೆಂಡ್ ದಾಟುತ್ತದೆ. ಆಗ ಅರ್ಧಪೆಟ್ಟಿಗೆ ಇಳಿಯಬೇಕು. ವಿಲಂಬಿತ ಗತಿಯ ಹಾಡುಗಳನ್ನೇ ಹೆಚ್ಚು ನುಡಿಸುವವರು ಬಾಸ್ ಕಂಪನಿಯದೇ ಡಿಡಿ-8 ನೋಡುವುದು ಒಳ್ಳೆಯದು. ಅದರಲ್ಲಿ 10 ಸೆಕೆಂಡ್‌ವರೆಗೂ ಹೋಗಬಹುದು.

ಪೆಡಲಿನಲ್ಲಿ ಅಂಕಿ ತೋರಿಸುವ ಪರದೆ ಇಲ್ಲ. ವೇದಿಕೆಯ ಕತ್ತಲಲ್ಲಿ ಗುಂಡಿ ಎಲ್ಲಿದೆ ಎಂದು ತಿಳಿಯುವುದು ಕಷ್ಟ. ನನ್ನ ಮಗಳು ಬಿಳಿ ಉಗುರುಬಣ್ಣದಿಂದ ಕಾಲದ ಗುಂಡಿಯ ಸುತ್ತ ಮೂರು ಚುಕ್ಕೆ ಇಟ್ಟುಕೊಟ್ಟಳು: ಒಂದು 375ಕ್ಕೆ, ಒಂದು 500ಕ್ಕೆ, ಕೆಳಗಿನದು 220ಕ್ಕೆ. ನಾಲ್ಕು ವರ್ಷಗಳಲ್ಲಿ ನಡುವಿನ ಚುಕ್ಕೆ ಅರ್ಧ ಸವೆದಿದೆ, ಉಳಿದೆರಡು ಹಾಗೆಯೇ ಇವೆ.

220 ಏಕೆ ಎಂದರೆ, ಗೋಳಗುಮ್ಮಟದ ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಪಿಸುಮಾತಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಎದುರು ಗೋಡೆ ಮುಟ್ಟಿ ಮರಳಲು 76 ಮೀಟರ್ ಸಾಗಬೇಕು. ಸೆಕೆಂಡಿಗೆ 343 ಮೀಟರ್ ವೇಗದಲ್ಲಿ ಅದು ಸುಮಾರು 220 ಮಿಲಿಸೆಕೆಂಡ್. ಚಿಕ್ಕಂದಿನಿಂದ ಕಿವಿಯಲ್ಲಿ ಉಳಿದ ಅಂತರವದು. ಮರುದನಿಯನ್ನು ಮೂರು ನಾಲ್ಕಕ್ಕೆ ನಿಲ್ಲಿಸಿ, ಜೋರನ್ನು ಗಂಟೆಯ ಮುಳ್ಳು ಒಂಬತ್ತರ ಮೇಲಿರುವಷ್ಟಕ್ಕೆ ತಗ್ಗಿಸಿ ನುಡಿಸಿದರೆ ಹಳೆಯ ಚಿತ್ರಗೀತೆಗಳ ಬಿಡಿ ಸ್ವರಗಳಿಗೆ ತುಂಬು ಬರುತ್ತದೆ.

ಬಯಲಿನ ವೇದಿಕೆಗೂ ಒಳಾಂಗಣಕ್ಕೂ ಬೇರೆ ಲೆಕ್ಕ. ಬಯಲಿನಲ್ಲಿ ದನಿ ಹರಡಿ ಹೋಗುವುದರಿಂದ ಜೋರನ್ನು ಸ್ವಲ್ಪ ಏರಿಸಬಹುದು. ಕಂದಗಲ್ ಹನುಮಂತರಾಯ ರಂಗಮಂದಿರದಂಥ ಮುಚ್ಚಿದ ಜಾಗದಲ್ಲಿ ಗೋಡೆಗಳೂ ದನಿಯನ್ನು ಮರಳಿಸುತ್ತವೆ, ಅಲ್ಲಿ ನಾನು ಅರ್ಧಕ್ಕೆ ಇಳಿಸುತ್ತೇನೆ.

ಒಂದು ತೊಂದರೆ ನನ್ನನ್ನು ಬಹಳ ದಿನ ಕಾಡಿತು. ದನಿಯನ್ನು ಒಡೆದು ಗಡಸಾಗಿಸುವ ಓವರ್‌ಡ್ರೈವ್ ಪೆಡಲಿಗೂ ಇದಕ್ಕೂ ಒಂದೇ ಅಡಾಪ್ಟರಿನಿಂದ ತಂತಿ ಕವಲು ಮಾಡಿ ಕೊಟ್ಟಿದ್ದೆ. ಹಿನ್ನೆಲೆಯಲ್ಲಿ ಸಣ್ಣಗೆ ಕೀಂಯೆನ್ನುವ ಸದ್ದು. ಜನರೇಟರನ್ನು ದೂರಿದೆ, ಗಿಟಾರಿನ ಕೇಬಲ್ ಬದಲಿಸಿದೆ. ಕೊನೆಗೆ ಧ್ವನಿವರ್ಧಕದ ಕಾಕಾ, “ತಮ್ಮಾ, ಒಂದನ್ನು ಬ್ಯಾಟರಿ ಮೇಲೆ ಓಡಿಸಿ ನೋಡು” ಎಂದರು. ಸದ್ದು ನಿಂತಿತು. ಪೆಡಲಿನದೂ ದೋಷವಲ್ಲ, ಜನರೇಟರಿನದೂ ಅಲ್ಲ. ಇದರಂಥ ಡಿಜಿಟಲ್ ಪೆಡಲಿಗೆ ಪ್ರತ್ಯೇಕ ಹೊರದಾರಿ ಇರುವ ವಿದ್ಯುತ್ ಪೆಟ್ಟಿಗೆ ಬೇಕು. ಅದನ್ನು ಕೊಂಡ ಮೇಲೆ ಆ ಸದ್ದು ಮತ್ತೆ ಕೇಳಿಲ್ಲ. ಡಿಲೇಯನ್ನು ಓವರ್‌ಡ್ರೈವ್‌ನ ನಂತರವೇ ಇಡಿ. ಮೊದಲಿಟ್ಟರೆ ಮರುದನಿಗಳೆಲ್ಲ ಒಡೆದು ಒಂದರಲ್ಲೊಂದು ಕಲಸಿಹೋಗುತ್ತವೆ.

ಗೆಳೆಯನ ಎಂಎಕ್ಸ್‌ಆರ್ ಕಾರ್ಬನ್ ಕಾಪಿ ಎಂಬ ಡಿಲೇ ಪೆಡಲನ್ನು ಎರಡು ವಾರ ಬಳಸಿದ್ದೇನೆ. ಅದು ಅನಲಾಗ್, 600 ಮಿಲಿಸೆಕೆಂಡ್‌ವರೆಗೆ. ಅದರ ಮರುದನಿ ಪ್ರತಿ ಸಲವೂ ತುಸು ಮಸುಕಾಗುತ್ತ ಹಿಂದೆ ಸರಿಯುತ್ತದೆ, ಹಾಡುವವರ ದಾರಿಗೆ ಅಡ್ಡ ಬರುವುದಿಲ್ಲ. ಡಿಡಿ-3ಟಿಯ ಮರುದನಿ ಮೂಲದಷ್ಟೇ ಚೊಕ್ಕ. ಒಬ್ಬರೇ ನುಡಿಸುವವರಿಗೆ, ಮನೆಯಲ್ಲಿ ಧ್ವನಿಮುದ್ರಿಸುವವರಿಗೆ ನಾನು ಕಾರ್ಬನ್ ಕಾಪಿಯನ್ನೇ ಹೇಳುತ್ತೇನೆ. ತಾಳವಾದ್ಯದ ಜೊತೆ ನಿಲ್ಲುವವರಿಗೆ ತಟ್ಟುವ ಸ್ವಿಚ್ ಬೇಕೇ ಬೇಕು, ಅವರಿಗೆ ಡಿಡಿ-3ಟಿ.

ಬ್ಯಾಟರಿಯ ಮೇಲೆ ಓಡಿಸುವವರು ಕಾರ್ಯಕ್ರಮ ಮುಗಿದೊಡನೆ ಇನ್‌ಪುಟ್‌ನಿಂದ ಕೇಬಲ್ ಕಿತ್ತಿಡಿ. ಕೇಬಲ್ ಒಳಗಿದ್ದರೆ ದೀಪ ಆರಿದ್ದರೂ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.